ಕಿಲೋಮೀಟರಿಗೆ ನಾಲ್ಕು ನಿಮಿಷ

ಕೀನ್ಯಾ, ಇಥಿಯೋಪಿಯಾ ಮೊದಲ ಸಲ ಒಲಿಂಪಿಕ್ಸಿಗೆ ಹೋದದ್ದು 1956ರಲ್ಲಿ, ಮೆಲ್ಬರ್ನಿಗೆ. ಅದಕ್ಕೂ 36 ವರ್ಷ ಮೊದಲೇ ನಮ್ಮ ಬೆಳಗಾವಿಯ ಒಬ್ಬ ತರುಣ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ್ದ. ಪಿ.ಟಿ. ಮಾಸ್ತರನಾಗಿ ಈ ಮಾತು ಹೇಳಿದಾಗಲೆಲ್ಲ ಹುಡುಗರು ನಕ್ಕಿದ್ದಾರೆ. ‘ಸುಮ್ನಿರ್ರೀ ಸರ್, ಚ್ಯಾಷ್ಟಿ ಮಾಡಬ್ಯಾಡ್ರಿ’ ಅಂತ ಒಬ್ಬ ಅಂದೇ ಬಿಟ್ಟ. ಅವನ ತಪ್ಪಲ್ಲ. ಓದುವ ಪುಸ್ತಕದಲ್ಲಿ ಕಾಣದ ಹೆಸರನ್ನು ಹುಡುಗರು ಯಾಕೆ ನಂಬಬೇಕು?

ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಓಣಿಯಲ್ಲಿ ಕೂಗಿದರೂ ಯಾರಾದರೂ ‘ಏನ್ರೀ’ ಅಂತ ಹೊರಗೆ ಬರುವಂಥ ಹೆಸರು. 1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಆತ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಗುರಿ ಮುಟ್ಟಿದ, 19ನೆಯವನಾಗಿ. ಗೆದ್ದವನು ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡು. ಜೊತೆಗೆ ಓಡಿದ ಸಾತಾರೆಯ ಸದಾಶಿವ ದಾತಾರ್ ಅರ್ಧಕ್ಕೆ ಬಿಟ್ಟರು.

ಹತ್ತೊಂಬತ್ತು ಅಂದರೆ ಅದೇನು ಮಹಾ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಆಂಟ್ವರ್ಪ್‌ನ ದಾರಿ ಈಗಿನ 42.195 ಕಿಲೋಮೀಟರಿನದಲ್ಲ, 42.75ರದು. ಒಲಿಂಪಿಕ್ಸಿನ ಮ್ಯಾರಥಾನ್‌ಗಳಲ್ಲೇ ಉದ್ದದ್ದು. ಭಾಗಿಸಿ ನೋಡಿದರೆ ಚೌಗುಲೆಯವರ ಓಟ ಕಿಲೋಮೀಟರಿಗೆ ನಾಲ್ಕು ನಿಮಿಷದ ಒಳಗೇ ಬರುತ್ತದೆ. ಅದೇ ವೇಗದಲ್ಲಿ ಈಗಿನ ಅಳತೆಯ ದಾರಿ ಓಡಿದ್ದರೆ 2 ಗಂಟೆ 48 ನಿಮಿಷ ಚಿಲ್ಲರೆ. ಈಗ ಎರಡು ಸಾವಿರ ರೂಪಾಯಿ ಫೀ ಕಟ್ಟಿ, ಹತ್ತು ಸಾವಿರದ ಬೂಟು ಹಾಕಿ ಬೆಂಗಳೂರಲ್ಲಿ ಓಡುವವರಲ್ಲಿ ಮೂರು ಗಂಟೆಯೊಳಗೆ ಮುಗಿಸುವವರು ಎಷ್ಟು ಜನ, ಕೇಳಿ ನೋಡಿ.

ಆತ ಅಲ್ಲಿಗೆ ಹೋದದ್ದಾದರೂ ಹೇಗೆ? ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ನಮಗೆ ಪುಣೆ ಹತ್ತಿರ, ಮೈಸೂರು ಪರದೇಶ. ಘಟಪ್ರಭಾ, ಗೋಕಾಕ ರೋಡ, ಪಾಶ್ಚಾಪುರ ದಾಟಿ ಬೆಳಗಾವಿಗೆ ಹೋಗುವ ರೈಲಿನ ಇನ್ನೊಂದು ತುದಿ ಪುಣೆಯೇ. ಅಲ್ಲಿನ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ 1919ರಲ್ಲಿ ಅಧ್ಯಕ್ಷ ದೊರಾಬ್ಜಿ ಟಾಟಾ ಹಳ್ಳಿಯ ಹುಡುಗರ ಓಟ ಕಂಡರು. ಬರಿಗಾಲು, ತರಬೇತಿಯ ಗಂಧವಿಲ್ಲ, ಆದರೂ ಗಡಿಯಾರ ತೋರಿಸಿದ ಹೊತ್ತು ಯುರೋಪಿನವರ ಹೊತ್ತಿಗೆ ತೀರ ದೂರವಿರಲಿಲ್ಲ. ಆರು ಜನರ ತಂಡ ಕಟ್ಟಿದರು: ನಾಲ್ವರು ಓಟಗಾರರು, ಇಬ್ಬರು ಕುಸ್ತಿ ಪೈಲ್ವಾನರು. ಓಟಗಾರರಲ್ಲಿ ಬೆಳಗಾವಿಯ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ. ಭಾರತ ತಂಡವೆಂದು ಒಲಿಂಪಿಕ್ಸಿಗೆ ಹೋದ ಮೊದಲ ತಂಡದ ಆರರಲ್ಲಿ ಇಬ್ಬರು ನಮ್ಮ ಉತ್ತರ ಕರ್ನಾಟಕದವರು. ನಾವು ಇದನ್ನು ಹೇಳಿಕೊಳ್ಳುವುದೇ ಇಲ್ಲ.

ಆಮೇಲೆ ಇಥಿಯೋಪಿಯಾದ ಕಡೆ ನೋಡಿ. 1960ರಲ್ಲಿ ಅಬೆಬೆ ಬಿಕಿಲಾ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16.2 ಸೆಕೆಂಡಿಗೆ ಬಂಗಾರ ತಂದ. ಎಲ್ಲರ ಕಣ್ಣು ಅವನ ಪಾದದ ಮೇಲೆ. ಅವನು ಚಕ್ರವರ್ತಿಯ ಅಂಗರಕ್ಷಕ ಪಡೆಯವನು, ಹಿಂದೆ ಓನಿ ನಿಸ್ಕಾನೆನ್ ಎಂಬ ಸ್ವೀಡನ್ನಿನ ಕೋಚ್ ಇದ್ದ ಎಂಬುದನ್ನು ಯಾರೂ ಹೇಳುವುದಿಲ್ಲ. ಕೀನ್ಯಾದ ಇಟೆನ್ ಊರು ಸಮುದ್ರಮಟ್ಟದಿಂದ 2,400 ಮೀಟರ್ ಎತ್ತರದಲ್ಲಿದೆ, ಗೋಕಾಕ ಅದರ ಕಾಲು ಭಾಗವೂ ಇಲ್ಲ. ತೆಳು ಗಾಳಿ ಉಸಿರಾಡಿ ಬೆಳೆದ ರಕ್ತಕ್ಕೆ ಲಾಭ ಉಂಟು, ಒಪ್ಪೋಣ. ಆದರೆ ಗಾಳಿ ಸಾವಿರಾರು ವರ್ಷದಿಂದ ಅಲ್ಲೇ ಇತ್ತಲ್ಲ? 1976ರಲ್ಲಿ ಐರ್ಲೆಂಡಿನಿಂದ ಭೂಗೋಳ ಕಲಿಸಲು ಬಂದ ಬ್ರದರ್ ಕಾಮ್ ಓಕಾನಲ್ ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯಲ್ಲೇ ನಿಂತುಬಿಟ್ಟರು, ಹುಡುಗರನ್ನು ವರ್ಷಾನುಗಟ್ಟಲೆ ಓಡಿಸಿದರು. ಒಬ್ಬ ಮಾಸ್ತರ ಒಂದೇ ಊರಲ್ಲಿ ಉಳಿದರೆ ಏನಾಗುತ್ತದೆ ಎಂಬುದನ್ನು ವರ್ಗಾವಣೆಯ ಆರ್ಡರು ಹಿಡಿದು ಅಲೆದ ನನ್ನಂಥವನಿಗೆ ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿಗೆ ಬಂದು ನಿಂತ. ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡೂ ಆಗಲಿಲ್ಲ. ಮುಂದಿನ ಫೆಬ್ರವರಿಯಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡ, ಪಾಪ.

ನಮ್ಮಲ್ಲಿ ಓಡುವವರು ಇಲ್ಲವೇ? ಧೂಪದಾಳ ಬಂಧಾರದಿಂದ ಹೊರಡುವ ಘಟಪ್ರಭಾ ಎಡದಂಡೆ ಕೆನಾಲಿನ ಗುಂಟ ನಸುಕಿನಲ್ಲಿ ಹೋಗಿ ನಿಲ್ಲಿ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರು, ಹಾಗಾಗಿ ಹುಡುಗರು ಕೆನಾಲ್ ದಂಡೆ ಹಿಡಿಯುತ್ತಾರೆ. ಒಬ್ಬ ಮೊಬೈಲಿನಲ್ಲಿ ಟೈಮು ಹಚ್ಚಿ ಬೈಕಿನ ಮೇಲೆ ಹಿಂದೆ ಬರುತ್ತಾನೆ. ಎರೆಮಣ್ಣು ಮೆತ್ತಿ ಬೂಟು ಭಾರವಾದರೆ ಬಿಚ್ಚಿ ಕೈಯಲ್ಲಿ ಹಿಡಿಯುತ್ತಾರೆ, ಓಟ ನಿಲ್ಲಿಸುವುದಿಲ್ಲ. ‘ಎಷ್ಟ ಬಂತೋ?’ ‘ಐದು ನಲವತ್ತು.’ ‘ಇನ್ನಾ ಹತ್ತ ಸೆಕೆಂಡ ಬೇಕಲೇ.’ ಅದು 1,600 ಮೀಟರಿನ ಲೆಕ್ಕ. ಸೈನ್ಯದ ಭರತಿಯಲ್ಲಿ ಐದೂವರೆ ನಿಮಿಷದೊಳಗೆ ಬಂದವರಿಗೆ ಪೂರ್ತಿ ಅಂಕ ಎಂದು ವರ್ಷಗಟ್ಟಲೆ ನಡೆದುಬಂದಿತ್ತು, ಪೊಲೀಸ್ ಪೇದೆಗೆ ಆರೂವರೆ ನಿಮಿಷ ಸಾಕು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಕಣ್ಣೆದುರಿಗೇ ಇರುವ ಊರುಗಳಿವು. ಓಟ ಅಂದರೆ ನೌಕರಿ, ನೌಕರಿ ಅಂದರೆ 1,600 ಮೀಟರು. ಆಯ್ಕೆಯಾದ ಮರುದಿನ ಓಟ ನಿಂತಿತು.

ಇದನ್ನು ದೂರುವುದಿಲ್ಲ. ಕೀನ್ಯಾದ ಹುಡುಗ ಓಡುವುದೂ ಹೊಟ್ಟೆಗಾಗಿಯೇ. ಅವನ ದುಡಿಮೆ ಇರುವುದು 42 ಕಿಲೋಮೀಟರಿನ ಕೊನೆಯಲ್ಲಿ, ನಮ್ಮವನದು ಮೈದಾನದ ನಾಲ್ಕನೆಯ ಸುತ್ತಿನಲ್ಲಿ, ಅಷ್ಟೇ ಫರಕು. ಉದ್ದದ ಓಟದಲ್ಲಿ ಹೆಸರು ಮಾಡಿದ ಬಿಹಾರದ ಶಿವನಾಥ್ ಸಿಂಗ್ ಸೈನ್ಯದಲ್ಲೇ ಪಳಗಿ 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿದರು. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕ ದಾಟಿಯೂ ಅಲುಗಲಿಲ್ಲ.

ಮೊನ್ನೆ ನಮ್ಮ ಕಡೆಯ ಒಂದು ಊರಿನ ಜಾತ್ರಾ ಕಮಿಟಿಯವರ ಮುಂದೆ ಫಡೆಪ್ಪನವರ ಹೆಸರಲ್ಲಿ ಹತ್ತು ಮೈಲಿನ ಓಟದ ಶರ್ಯತ್ತು ಇಡಿ ಅಂದೆ. ಜೋಡೆತ್ತಿನ ಗಾಡಿ ಶರ್ಯತ್ತಿಗೆ ಬಹುಮಾನದ ರೊಕ್ಕ ಆಗಲೇ ಕೂಡಿತ್ತು. ಹಿರಿಯರೊಬ್ಬರು ಎಲೆ ಅಡಿಕೆ ಮೆಲ್ಲುತ್ತ, ‘ಮಾಸ್ತರ, ಮಂದಿ ಒಂದು ತಾಸು ನಿಂತು ಏನ್ ನೋಡಬೇಕ್ರೀ?’ ಅಂದರು. ಮುಂದಿನ ವರ್ಷ ಐದು ಮೈಲು ಅಂತ ಕೇಳಬೇಕು. ಬಹುಮಾನಕ್ಕೆ ನನ್ನ ಪೆನ್ಷನ್ನಿನಿಂದ ಒಂದಿಷ್ಟು ಹಾಕುತ್ತೇನೆ, ಉಳಿದದ್ದನ್ನು ಅವರು ನೋಡಿಕೊಳ್ಳಲಿ.