ಜಗಲಿ, ಕಡತ, ಡ್ರೋನ್: ಕಲಿಕೆಯ ಮಾತುಗಳು ಬಂದ ದಾರಿ

ಅಗ್ರಹಾರ ಎಂಬುದು ಊರ ಹೆಸರಿನ ಕೊನೆಗೆ ಅಂಟಿಕೊಳ್ಳುವ ಮೊದಲು ಕಲಿಕೆಗೆ ಸಂಬಂಧಿಸಿದ ಪದವಾಗಿತ್ತು. ವೇದ, ವ್ಯಾಕರಣ, ತರ್ಕ, ಜ್ಯೋತಿಷ ಬಲ್ಲ ಬ್ರಾಹ್ಮಣರಿಗೆ ಅರಸರು ಮತ್ತು ಅವರ ಅಧಿಕಾರಿಗಳು ತೆರಿಗೆ ಬಿಟ್ಟು ಕೊಟ್ಟ ಊರು ಅಗ್ರಹಾರ. ಓದುವುದು, ಓದಿಸುವುದು ಆ ದಾನದ ಮುಖ್ಯ ಉದ್ದೇಶಗಳಲ್ಲಿ ಒಂದು. ಶಾಸನಗಳಲ್ಲಿ ಅಗ್ರಹಾರದ ಜೊತೆಗೇ ಘಟಿಕೆ, ಬ್ರಹ್ಮಪುರಿ, ಮಠ ಎಂಬ ಮಾತುಗಳೂ ಬರುತ್ತವೆ. ಕದಂಬ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ ಎಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಈ ಕಲಿಕೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಜಾತಿಯ ಹೊಸ್ತಿಲು ದಾಟದವರೇ ಹೆಚ್ಚು. ಕಾಲ ಸರಿದಂತೆ ಘಟಿಕೆ, ಬ್ರಹ್ಮಪುರಿಗಳು ಬಳಕೆಯಿಂದ ಮರೆಯಾದವು. ಅಗ್ರಹಾರ ಮಾತ್ರ ಊರ ಹೆಸರಾಗಿ ಉಳಿಯಿತು.

ಬೆಂಗಳೂರಿನ ಅಂಚಿನಲ್ಲಿ ಅಂಥ ಹೆಸರುಗಳು ಹಲವು ಇವೆ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹುಡುಕಿದಾಗ ಸಿಕ್ಕಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು. ನಗರದ ಪೂರ್ವದಲ್ಲಿ ಅಗ್ರಹಾರಕ್ಕೂ ತಂತ್ರಜ್ಞಾನಕ್ಕೂ ಅಂಥದೇ ನಂಟು ಬೆಳೆದದ್ದು ಪಟ್ಟಂದೂರು ಅಗ್ರಹಾರದಲ್ಲಿ. ಚೋಳರ ಕಾಲದ, 11ನೇ ಶತಮಾನದ ತಮಿಳು ಶಾಸನವೊಂದು ಪಟ್ಟಂದೂರಿನ ಕೆರೆ ಕಟ್ಟಿಸಿದ ಸಂಗತಿಯನ್ನು ದಾಖಲಿಸುತ್ತದೆ. ಊರು ಅಷ್ಟು ಹಳೆಯದು. ಮಗ್ಗುಲಿನ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ವಸತಿಗೆ ಭೂಮಿ ಕೊಟ್ಟ ಮೇಲೆ. ಭಾರತ ಮತ್ತು ಸಿಂಗಪುರದ ಸಹಯೋಗದಲ್ಲಿ, ಟಾಟಾ ಮತ್ತು ಕರ್ನಾಟಕ ಸರ್ಕಾರದ ಪಾಲುದಾರಿಕೆಯೊಂದಿಗೆ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕು ಇಲ್ಲಿ ರೂಪುಗೊಂಡದ್ದು 1990ರ ದಶಕದಲ್ಲಿ. ಅದರ ಕಟ್ಟಡಗಳಿಗೆ ಡಿಸ್ಕವರರ್, ಇನ್ನೊವೇಟರ್, ಕ್ರಿಯೇಟರ್, ನ್ಯಾವಿಗೇಟರ್ ಎಂದು ಹೆಸರಿಟ್ಟರು. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಓಡಿದಾಗ ಐಟಿಪಿಎಲ್ ಎದುರಿನ ನಿಲ್ದಾಣಕ್ಕೆ ಸಿಕ್ಕಿದ್ದು ಊರಿನ ಹೆಸರು. ದಿನವೂ ಸಾವಿರಾರು ಜನ ಕೇಳಿಸಿಕೊಳ್ಳುವ ‘ಮುಂದಿನ ನಿಲ್ದಾಣ’ದ ಘೋಷಣೆಯಲ್ಲಿ ಓದಿಗೆ ಸೇರಿದ ಒಂದು ಹಳೆಯ ಪದ ಹೀಗೆ ಬದುಕಿದೆ.

ಅಗ್ರಹಾರದ ಹೊರಗೆ ಸಾಮಾನ್ಯರ ಮಕ್ಕಳು ಅಕ್ಷರ ಕಲಿತದ್ದು ಕೂಲಿಮಠದಲ್ಲಿ. ಯಾರದೋ ಮನೆಯ ಜಗಲಿ, ಇಲ್ಲವೆ ಗುಡಿಯ ಚಾವಡಿ. ಪಾಠ ಹೇಳುವ ಅಯ್ಯನವರಿಗೆ ಮಕ್ಕಳ ಮನೆಯಿಂದ ಕಾಳು, ಕಾಸು. ಈ ಮಠಗಳ ಕುರಿತು ಸಿಗುವ ಅತ್ಯಂತ ವಿವರವಾದ ಬರಹಗಳಲ್ಲಿ ಒಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಮದರಾಸಿಗೆ ಕಳಿಸಿದ ವರದಿ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6,641 ಮಕ್ಕಳು ಓದುತ್ತಿದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷಿನದು ಒಂದೇ ಒಂದು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಆಮೇಲೆ ಹಲಗೆ, ಅದರ ಬಳಿಕ ಕಡತ.

ಕಡತವೆಂದರೆ ಆ ಕಾಲಕ್ಕೆ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಇದ್ದಿಲ ಪುಡಿಯನ್ನು ಅಂಟಿನೊಂದಿಗೆ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಕಪ್ಪು ಮೈಯ ಮೇಲೆ ಬಳಪದಿಂದ ಬರೆದರೆ ಬಿಳಿ ಅಕ್ಷರ ಮೂಡುತ್ತದೆ. ಒದ್ದೆ ಬಟ್ಟೆಯಿಂದ ಒರಸಿದರೆ ಮತ್ತೆ ಖಾಲಿ. ಮಕ್ಕಳಿಗೆ ಅದು ಅಭ್ಯಾಸದ ಪುಸ್ತಕ, ವರ್ತಕನಿಗೆ ಲೆಕ್ಕದ ಪುಸ್ತಕ, ಶಾನುಭೋಗನಿಗೆ ಊರಿನ ದಾಖಲೆ. ಇನ್ನೊಂದು ಸಂಗತಿಯನ್ನೂ ಕ್ಯಾಂಪ್‌ಬೆಲ್ ಗಮನಿಸಿದ್ದ: ಮುಂದಿದ್ದ ಹುಡುಗರೇ ಹಿಂದಿನವರಿಗೆ ಹೇಳಿಕೊಡುವ ಪದ್ಧತಿ. ಆಂಡ್ರ್ಯೂ ಬೆಲ್ 18ನೇ ಶತಮಾನದ ಕೊನೆಯಲ್ಲಿ ಮದರಾಸಿನಿಂದ ಇಂಗ್ಲೆಂಡಿಗೆ ಒಯ್ದು ‘ಮದರಾಸ್ ಪದ್ಧತಿ’ ಎಂದು ಹೆಸರು ಮಾಡಿದ್ದೂ ಇಂಥದೇ ಕ್ರಮ. ಇಂದಿನ ಆನ್‌ಲೈನ್ ಕೋರ್ಸುಗಳು ಹೊಸದೆಂಬಂತೆ ಹೇಳುವ ‘ಸಹಪಾಠಿ ಕಲಿಕೆ’ಗೆ ನಮ್ಮ ಜಗಲಿಗಳಲ್ಲಿ ಇನ್ನೂರು ವರ್ಷಕ್ಕಿಂತ ಹಳೆಯ ಬೇರಿದೆ.

ಸ್ಲೇಟು ಮತ್ತು ಅಚ್ಚಾದ ಪುಸ್ತಕ ಬಂದ ಮೇಲೆ ಬಟ್ಟೆಯ ಕಡತ ಹೋಯಿತು, ಹೆಸರು ಹೋಗಲಿಲ್ಲ. ಕಚೇರಿಯಲ್ಲಿ ದಾರ ಕಟ್ಟಿದ ಕಾಗದದ ಕಟ್ಟು ಕಡತವಾಯಿತು. ‘ಕಡತ ವಿಲೇವಾರಿ’ ಆಡಳಿತ ಕನ್ನಡದ ನಿತ್ಯದ ಮಾತಾಯಿತು. ಕಂಪ್ಯೂಟರಿನ ಪರದೆ ಕನ್ನಡಕ್ಕೆ ಬಂದಾಗ ಫೈಲ್ ಇದ್ದ ಜಾಗದಲ್ಲಿ ಅನುವಾದಕರು ಇಟ್ಟದ್ದೂ ಕಡತವನ್ನೇ. ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ವಸ್ತುವಿಗೆ ಆ ಹೆಸರು ಮರಳಿ ಬಂದದ್ದು ಪದ ಕಟ್ಟಿದವರ ಅದೃಷ್ಟ.

ಗಣಕವೂ ಹೀಗೆ ಹಿಂದಿನಿಂದ ಬಂದದ್ದು. ಸಂಸ್ಕೃತದಲ್ಲಿ ಗಣಕನೆಂದರೆ ಲೆಕ್ಕ ಹಾಕುವವನು, ಜ್ಯೋತಿಷಿ. ಅಗ್ರಹಾರದಲ್ಲಿ ಪಂಚಾಂಗ ಗುಣಿಸುತ್ತಿದ್ದ ಮನುಷ್ಯನ ಹೆಸರು 20ನೇ ಶತಮಾನದಲ್ಲಿ ಯಂತ್ರಕ್ಕೆ ಸಂದಿತು. ಇಂಗ್ಲಿಷಿನ ಕಂಪ್ಯೂಟರ್ ಕೂಡ ಮೊದಲು ಲೆಕ್ಕ ಮಾಡುವ ಮನುಷ್ಯನೇ ಆಗಿದ್ದ. ಕೀಲಿಮಣೆಯಲ್ಲಿ ಈಳಿಗೆಮಣೆ, ಚನ್ನೆಮಣೆಗಳ ಮಣೆ ಇದೆ. ಆ ಮಣೆಯ ಮೇಲೆ ಕನ್ನಡ ಅಕ್ಷರಗಳನ್ನು ಕೂರಿಸಿದ ಕೆಲಸದಲ್ಲಿ ಕಿನ್ನಿಕಂಬಳ ಪದ್ಮನಾಭ ರಾಯರ ಪಾಲು ದೊಡ್ಡದು. ಉಚ್ಚಾರಣೆಯನ್ನು ಅನುಸರಿಸುವ ಅವರ ವಿನ್ಯಾಸವನ್ನೇ ಸರ್ಕಾರ ಒಪ್ಪಿತು; ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನು ಕಚೇರಿ, ಶಾಲೆಗಳಿಗೆ ಮುಟ್ಟಿಸಿತು. 1998ರಲ್ಲಿ ಶೇಷಾದ್ರಿವಾಸು ಬರಹ ತಂತ್ರಾಂಶವನ್ನು ಹೊರತಂದರು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನವಿತ್ತು, ಆದರೆ ಅದು ಜನರ ಕೈಗೆ ಬರಲು ಹತ್ತು ವರ್ಷಗಳ ಮೇಲೆಯೇ ಹಿಡಿಯಿತು.

ಕಟ್ಟಿದ ಪದಗಳೆಲ್ಲ ಒಂದೇ ಸಮನೆ ಬೇರುಬಿಡಲಿಲ್ಲ. ತಂತ್ರಾಂಶ, ಯಂತ್ರಾಂಶ, ದತ್ತಾಂಶ ಪಠ್ಯಪುಸ್ತಕದಲ್ಲೂ ಪತ್ರಿಕೆಯಲ್ಲೂ ನೆಲೆಯಾದವು; ಅಂತರ್ಜಾಲ, ಜಾಲತಾಣ ಮಾತಿಗೂ ಇಳಿದವು. ಪಟ್ಟಂದೂರಿನ ಬೀದಿಯಲ್ಲಿ ಮಾತ್ರ ಸಾಫ್ಟ್‌ವೇರ್ ಎಂಬುದು ವಸ್ತುವಿಗಿಂತ ಹೆಚ್ಚಾಗಿ ಜನರ ಹೆಸರು: ಬಾಡಿಗೆಗೆ ಬಂದವರು ‘ಸಾಫ್ಟ್‌ವೇರಿನವರು’. ಹೊರಗಿನ ಪದ ಹೀಗೆ ಉಳಿದದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅರಬ್ಬಿಯಿಂದ ಬಂದ ಕಸುಬು ಕನ್ನಡದ್ದೇ ಎನ್ನಿಸುವಷ್ಟು ಪಳಗಿಲ್ಲವೆ? ಕಲಿಯುವವನಿಗೆ ಪದದ ಹಿಂದಿನ ವಸ್ತು ಕಣ್ಣಿಗೆ ಕಟ್ಟುತ್ತದೆಯೇ ಎಂಬುದಷ್ಟೇ ಮುಖ್ಯ.

ದೂರದಿಂದ ಕಲಿಯುವ ಕ್ರಮಕ್ಕೆ ಕನ್ನಡ ಕೊಟ್ಟ ಮೊದಲ ಹೆಸರು ತುಂಬ ಚೆಲುವಾದದ್ದು: ಅಂಚೆ ತೆರಪಿನ ಶಿಕ್ಷಣ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಇದನ್ನು ಆರಂಭಿಸಿತು. ಅಂಚೆಯಲ್ಲಿ ಬಂದ ಪಾಠದ ಹಾಳೆಗಳನ್ನು ಕೆಲಸದ ನಡುವಿನ ತೆರಪಿನಲ್ಲಿ ಓದಿ ಪದವಿ ಪಡೆದ ಗುಮಾಸ್ತರು, ಮೇಷ್ಟರು, ಗೃಹಿಣಿಯರು ಅಸಂಖ್ಯ. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ‘ತೆರಪು’ ಹೋಗಿ ‘ಮುಕ್ತ’, ‘ದೂರ’ ಬಂದವು. ಅಷ್ಟರೊಳಗೆ ಪಾಠ ಆಕಾಶದಿಂದಲೂ ಇಳಿದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಇಸ್ರೊ ಟಿವಿ ಪಾಠ ತೋರಿಸಿತು. ಕರ್ನಾಟಕದ ಪಾಲಿನ ಹಳ್ಳಿಗಳು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳವು, ಕಾರ್ಯಕ್ರಮ ಕನ್ನಡದಲ್ಲಿತ್ತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ಅದರ ಪಾಠ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಲುಪಿತು.

ಈ ನಡುವೆ ಶಾಲೆಯ ಮಾತಿನಲ್ಲೇ ಒಂದು ಬದಲಾವಣೆ ಆಗಿತ್ತು. ಶಿಕ್ಷಣದ ಬೆನ್ನಿಗೆ ಶಿಕ್ಷೆ ನಿಂತಿದೆ. ಕಲಿಕೆ ಕಲಿಯುವವರ ಕಡೆಯಿಂದ ಹೊರಡುವ ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಈ ಮಾತನ್ನು ಮನೆಮನೆಗೆ ತಂದಿತು. ಬೆಂಚಿನ ಸಾಲು ಹೋಗಿ ಗುಂಪು ಬಂತು, ಪುಸ್ತಕದ ಜಾಗಕ್ಕೆ ಚಿತ್ರಗಳ ಕಲಿಕಾ ಕಾರ್ಡು ಬಂತು, ಪ್ರತಿ ಮಗು ತನ್ನ ವೇಗದಲ್ಲಿ ‘ಕಲಿಕಾ ಏಣಿ’ ಏರತೊಡಗಿತು. ಡಿಜಿಟಲ್ ವೇದಿಕೆಗಳು ಇಂದು ಮಾರುವ ‘ಅವರವರ ವೇಗದ ಕಲಿಕೆ’ ಕಾಡಂಚಿನ ಆ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರಿಲ್ಲದೆ ನಡೆದಿತ್ತು ಎಂಬುದನ್ನು ಒತ್ತಿ ಹೇಳಬೇಕು.

ಡಿಜಿಟಲ್ ಕಲಿಕೆ ಬಾಯಿಮಾತಾದದ್ದು 2020ರಲ್ಲಿ. ಶಾಲಾ ಪಾಠಗಳ ದೀಕ್ಷಾ ಜಾಲವೇದಿಕೆ 2017ರಿಂದಲೇ ಇತ್ತು, ಪಠ್ಯಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಕೋಡಿನ ಚೌಕವೂ ಇತ್ತು. ಆದರೆ ಕೋವಿಡ್‌ನಿಂದ ಶಾಲೆ ಮುಚ್ಚಿದ ಮೇಲೆಯೇ ‘ಆನ್‌ಲೈನ್ ಕ್ಲಾಸ್’, ‘ಮ್ಯೂಟ್’, ‘ಲಿಂಕ್’, ‘ನೆಟ್‌ವರ್ಕ್’ ಅಡುಗೆಮನೆಯ ಪದಗಳಾದವು. ಆ ಜೂನಿನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಯನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಫೋನಿಲ್ಲದ ಮಕ್ಕಳಿಗಾಗಿ ಆಗಸ್ಟಿನಲ್ಲಿ ಬಂದದ್ದು ವಿದ್ಯಾಗಮ. ಸರ್ಕಾರಿ ಶಾಲೆಯ ಮೇಷ್ಟರುಗಳು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳಲ್ಲಿ ಪಾಠ ಹೇಳಿದರು. ಕೂಲಿಮಠದ ಜಗಲಿ ಬಹುಕಾಲದ ಮೇಲೆ ಮತ್ತೆ ಶಾಲೆಯಾಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ನವೆಂಬರಿನಲ್ಲಿ ದೂರದರ್ಶನ ಚಂದನದಲ್ಲಿ ಸಂವೇದ ಪಾಠಮಾಲೆ ಆರಂಭವಾಯಿತು. ಮುಂದೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಕಂಪ್ಯೂಟರ್ ಬಂದಾಗ ಅವುಗಳಿಗಿಟ್ಟ ಹೊಸ ಹೆಸರು ಅರಿವು ಕೇಂದ್ರ. ಕರ್ನಾಟಕ ಜ್ಞಾನ ಆಯೋಗದ ಕನ್ನಡ ಜಾಲತಾಣಕ್ಕೆ ಕಣಜ ಎಂಬ ಹೆಸರು ಅದಕ್ಕೂ ಮೊದಲೇ ಬಂದಿತ್ತು. ಕಾಳು ತುಂಬಿಡುವ ಕಣಜವನ್ನು ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೌಶಲ ಎಂಬ ಪದಕ್ಕೂ ಅಗ್ರಹಾರದ ಹಿನ್ನೆಲೆಯಿದೆ. ಕೈ ಕೊಯ್ದುಕೊಳ್ಳದೆ ಕುಶ ಎಂಬ ದರ್ಭೆಯನ್ನು ತರಬಲ್ಲವನೇ ಕುಶಲ ಎಂದು ಆಲಂಕಾರಿಕರು ಪದವನ್ನು ಬಿಡಿಸುತ್ತಾರೆ. ಕಾರ್ಖಾನೆಯ ಕಾಲದಲ್ಲಿ ಇದೇ ಬೇರಿನಿಂದ ಕುಶಲಕರ್ಮಿ ಬಂದ. ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹುಟ್ಟಿತು. ಆ ಪೀಳಿಗೆಗೆ ಭವಿಷ್ಯದ ಕೌಶಲವೆಂದರೆ ಲೇತು, ಮಿಲ್ಲಿಂಗ್, ಫಿಟ್ಟಿಂಗ್. ಇಲ್ಲವೆ ಸಂಜೆಯ ಟೈಪಿಂಗ್ ಕ್ಲಾಸ್. ಆಮೇಲೆ ತಾಲ್ಲೂಕು ಊರುಗಳಲ್ಲಿ ಕಿಯೋನಿಕ್ಸ್ ಕಂಪ್ಯೂಟರ್ ತರಬೇತಿಯ ಬೋರ್ಡು ಏರಿತು. 2018ರ ಫೆಬ್ರುವರಿಯಲ್ಲಿ ಸಾಫ್ಟ್‌ವೇರ್ ಉದ್ಯಮದ ಸಂಘಟನೆ ನಾಸ್ಕಾಮ್ ‘ಫ್ಯೂಚರ್ ಸ್ಕಿಲ್ಸ್’ ವೇದಿಕೆ ತೆರೆದ ಮೇಲೆ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಶ್ಲೇಷಣೆ, ರೊಬೊಟಿಕ್ಸ್ ಆ ಹೆಸರಿನಡಿ ಸೇರಿದವು. ‘ಭವಿಷ್ಯದ ಕೌಶಲ’ ಎಂಬುದು ಯಾವ ಕಾಲಕ್ಕೂ ಒಂದು ಖಾಲಿ ಪಾತ್ರೆ. ಆಯಾ ಪೀಳಿಗೆ ಅದರಲ್ಲಿ ತನ್ನ ಕೆಲಸವನ್ನು ತುಂಬುತ್ತದೆ.

ಈಗಿನ ಪೀಳಿಗೆ ಆ ಪಾತ್ರೆಗೆ ತುಂಬುತ್ತಿರುವುದರಲ್ಲಿ ಡ್ರೋನ್ ಹಾರಿಸುವುದೂ ಒಂದು. ಡ್ರೋನ್ ಇಂಗ್ಲಿಷಿನಲ್ಲಿ ಗಂಡು ಜೇನಿನ ಹೆಸರು. 1935ರಲ್ಲಿ ಬ್ರಿಟನ್ ಗುರಿಯ ಅಭ್ಯಾಸಕ್ಕಾಗಿ ರೇಡಿಯೊ ನಿಯಂತ್ರಿತ ‘ಕ್ವೀನ್ ಬೀ’ ವಿಮಾನ ಮಾಡಿತು. ರಾಣಿಜೇನಿನ ಹಿಂದೆ ಗಂಡು ಜೇನಿನ ಹೆಸರು ಅಮೆರಿಕದ ನೌಕಾಪಡೆಯ ಮೂಲಕ ಬಳಕೆಗೆ ಬಂತು. ಅಂಥದೇ ಕೆಲಸದ ವಿಮಾನವನ್ನು ಭಾರತಕ್ಕೆ ಕಟ್ಟಿಕೊಟ್ಟದ್ದು ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ಎಡಿಇ, ಅಂದರೆ ವೈಮಾನಿಕ ಅಭಿವೃದ್ಧಿ ಸಂಸ್ಥೆ. ಫಿರಂಗಿ, ಕ್ಷಿಪಣಿಗಳ ಗುರಿಯಾಗಿ ಹಾರುವ ಆ ಪೈಲಟ್ ಇಲ್ಲದ ವಿಮಾನದ ಹೆಸರು ಲಕ್ಷ್ಯ. ಮಾಡುವ ಕೆಲಸವೇ ಹೆಸರಾದದ್ದು. ಅದರ ಬಳಿಕ ನಿಶಾಂತ್, ರುಸ್ತುಂ ಬಂದವು. ಹಾರಾಟದ ಪರೀಕ್ಷೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ವಿಶಾಲವಾದ ನೆಲ ಸಿದ್ಧವಾಯಿತು.

ನಾಗರಿಕರ ಕೈಗೆ ಡ್ರೋನ್ ಬಂದದ್ದು ತಡವಾಗಿ, ಆ ಇತಿಹಾಸವೂ ಪದಗಳಲ್ಲೇ ಬರೆದಿದೆ. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಖಾಸಗಿ ಹಾರಾಟವನ್ನು ತಡೆದಿತ್ತು. 2018ರ ಡಿಸೆಂಬರ್ 1ರಿಂದ ‘ಅನುಮತಿ ಇಲ್ಲದೆ ಹಾರಾಟ ಇಲ್ಲ’ ಎಂಬ ಸೂತ್ರದೊಂದಿಗೆ ಬಾಗಿಲು ಅರ್ಧ ತೆರೆಯಿತು. ಆಗ ದೂರಚಾಲಕನಾಗಲು ಹತ್ತನೇ ತರಗತಿಯ ಜೊತೆ ಇಂಗ್ಲಿಷ್ ಬೇಕಿತ್ತು. 2021ರ ಆಗಸ್ಟಿನ ಡ್ರೋನ್ ನಿಯಮಗಳು ಇಂಗ್ಲಿಷಿನ ಷರತ್ತನ್ನು ಕೈಬಿಟ್ಟವು: 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಮುಗಿಸಿರಬೇಕು. ಕನ್ನಡ ಶಾಲೆಯ ಮಕ್ಕಳ ಪಾಲಿಗೆ ಇಡೀ ನಿಯಮಾವಳಿಯಲ್ಲಿ ಇದಕ್ಕಿಂತ ದೊಡ್ಡ ತಿದ್ದುಪಡಿ ಇಲ್ಲ. 2022ರ ಫೆಬ್ರುವರಿಯಲ್ಲಿ ‘ಪರವಾನಗಿ’ ಎಂಬ ಪದವನ್ನೂ ತೆಗೆದು ‘ಪ್ರಮಾಣಪತ್ರ’ ಎಂದರು.

ತರಬೇತಿಯ ಮೊದಲ ಪಾಠ ತೂಕದ್ದು. 250 ಗ್ರಾಂವರೆಗೆ ನ್ಯಾನೊ, 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸ್ಮಾಲ್, 150 ಕಿಲೊವರೆಗೆ ಮೀಡಿಯಂ, ಅದರಾಚೆ ಲಾರ್ಜ್. ಎರಡನೆಯದು ಆಕಾಶದ ಬಣ್ಣ: ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು, ಹಳದಿಗೆ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದ ಪಟ್ಟಿಯಲ್ಲಿ ಹಸಿರಿನ ಮಿತಿ 200 ಅಡಿಗೆ ಇಳಿಯುತ್ತದೆ. ಎಚ್‌ಎಎಲ್ ನಿಲ್ದಾಣವನ್ನು ಮಗ್ಗುಲಲ್ಲಿಟ್ಟುಕೊಂಡ ಬೆಂಗಳೂರಿನ ಪೂರ್ವಭಾಗದಲ್ಲಿ ಹಾರಾಟಕ್ಕೆ ಮೊದಲು ನಕ್ಷೆ ನೋಡದೆ ಗತಿಯಿಲ್ಲ.

ಹಳ್ಳಿಗಳಿಗೆ ಡ್ರೋನ್ ಮೊದಲು ಬಂದದ್ದು ಅಳತೆಗೆ. 2020ರ ಏಪ್ರಿಲ್‌ನಲ್ಲಿ ಘೋಷಣೆಯಾದ, ಹಳ್ಳಿಯ ಮನೆ ಜಾಗಗಳನ್ನು ಅಳೆಯುವ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. 2007ರಲ್ಲೇ ಮಹಾನಗರ ಪಾಲಿಕೆಗೆ ಸೇರಿದ್ದ ಪಟ್ಟಂದೂರಿನಂಥ ಊರುಗಳು ಅದರ ವ್ಯಾಪ್ತಿಯ ಹೊರಗೆ. ಅಳತೆ ನಡೆದದ್ದು ಪಂಚಾಯಿತಿ ಹಳ್ಳಿಗಳ ಗ್ರಾಮಠಾಣದಲ್ಲಿ. ಹಾರಾಟಕ್ಕೆ ಮೊದಲು ಸಿಬ್ಬಂದಿ ಮನೆಮನೆಯ ಎಲ್ಲೆಗೆ ಸುಣ್ಣದ ಗೆರೆ ಎಳೆಯುತ್ತಿದ್ದರು, ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲೆ ಬೆಳ್ಳಗೆ ಕಾಣಲೆಂದು. ಎಲ್ಲಿ ಗೆರೆ ಬೀಳಬೇಕೆಂಬ ಅಕ್ಕಪಕ್ಕದವರ ಮಾತು ಮುಗಿಯದೆ ಅಳತೆ ನಿಖರವಾಗುವುದಿಲ್ಲ.

ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನ್ ಕೊಡುವಂಥದ್ದು. ಆಯ್ಕೆಯಾದ ಸದಸ್ಯೆಗೆ 15 ದಿನಗಳ ತರಬೇತಿ: 5 ದಿನ ಹಾರಾಟ, 10 ದಿನ ಗೊಬ್ಬರ ಮತ್ತು ಕೀಟನಾಶಕದ ಸಿಂಪಡಣೆ. ಸಣ್ಣಪುಟ್ಟ ರಿಪೇರಿಗೆ ಅದೇ ಮನೆಯ ಅಥವಾ ಸಂಘದ ಇನ್ನೊಬ್ಬರು ಸಹಾಯಕರಾಗುತ್ತಾರೆ. ಥ್ರಾಟಲ್, ಪಿಚ್, ರೋಲ್, ಯಾ ಎಂಬ ನಾಲ್ಕು ಚಲನೆಗಳಿಗೆ ಕನ್ನಡದಲ್ಲಿ ಒಪ್ಪಿತ ಪದ ಇನ್ನೂ ಹುಟ್ಟಿಲ್ಲ. ಎರಡು ಕಡ್ಡಿಗಳ ಮೇಲೆ ಹೆಬ್ಬೆರಳಿಟ್ಟು ಮೇಲೆ–ಕೆಳಗೆ, ಮುಂದೆ–ಹಿಂದೆ, ಎಡ–ಬಲ, ತಿರುಗು ಎಂದು ಕೈಯೇ ಕಲಿಯುತ್ತದೆ. ಹೊಲಕ್ಕೆ ಇಳಿದ ಮೇಲಂತೂ ‘ಏರಿಯಲ್ ಸ್ಪ್ರೇಯಿಂಗ್’ ಎಂಬ ಹೆಸರು ಉಳಿಯುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಮಾಡುತ್ತಿದ್ದ ಆ ಕೆಲಸಕ್ಕೆ ಹಳ್ಳಿಯಲ್ಲಿದ್ದ ಮಾತು ‘ಔಷಧಿ ಹೊಡೆಯುವುದು’. ಡ್ರೋನ್ ಮಾಡುವುದೂ ಅದನ್ನೇ ಆದ್ದರಿಂದ ರೈತರು ಅದನ್ನು ಔಷಧಿ ಹೊಡೆಯುವ ಡ್ರೋನ್ ಎಂದೇ ಕರೆಯುತ್ತಾರೆ.