ಎರಡು ಚುಕ್ಕಿಗಳ ಲೆಕ್ಕ

ಕಳೆದ ಬೇಸಿಗೆಯಲ್ಲಿ ನಮ್ಮೂರು ಗೆಂಡೆಹಳ್ಳಿಯ ಮನೆಯಲ್ಲಿ ಕೂತು ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಮುಗಿಸಿದೆ. ಬೇಲೂರು ತಾಲ್ಲೂಕಿನ ಶಾಸನಗಳಲ್ಲಿ ಕಾಲ ಸರಿದಂತೆ ವಿಸರ್ಗದ ಬಳಕೆ ಕಡಿಮೆಯಾಗುತ್ತದೆ ಎಂಬುದು ಅದರ ವಾದ. ನಾನೇ ಟೈಪ್ ಮಾಡಿಕೊಂಡಿದ್ದ ಶಾಸನಪಾಠಗಳಲ್ಲಿ ಕಂಪ್ಯೂಟರ್‌ನಿಂದ ಹುಡುಕಿಸಿ, ಎಣಿಸಿ ಕಂಡುಕೊಂಡ ವಾದ ಅದು.

ಮಾರ್ಗದರ್ಶಕರು ಒಂದು ಪುಟದ ಮೇಲೆ ಬೆರಳಿಟ್ಟು, "ಏನಪ್ಪಾ, ಇಲ್ಲಿ 'ನಮಃ' ಕಣ್ಣಿಗೆ ಕಾಣ್ತಾ ಇದೆ. ನಿನ್ನ ಲೆಕ್ಕದಲ್ಲಿ ಯಾಕಿಲ್ಲ?" ಎಂದರು.

ಅಲ್ಲಿದ್ದದ್ದು ವಿಸರ್ಗವಲ್ಲ, ಕೋಲನ್. ಮೊದಮೊದಲು ಸರಿಯಾಗಿ ಟೈಪ್ ಮಾಡುತ್ತಿದ್ದವನು ಬರಬರುತ್ತಾ ಕೈಗೆ ಸುಲಭವಾಗಿ ಸಿಗುವ ಕೀಲಿ ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್‌ನಲ್ಲಿ ಮಾತ್ರ ಕೋಲನ್‌ನ ಸಂಖ್ಯೆ 58, ಕನ್ನಡ ವಿಸರ್ಗದ್ದು 3203. ಕಡಿಮೆಯಾಗಿದ್ದು ಶಾಸನಗಳ ವಿಸರ್ಗವಲ್ಲ, ನನ್ನ ಎಚ್ಚರ.

ನಮ್ಮ ತಾಲ್ಲೂಕಿನದೇ ಆದ ಹಲ್ಮಿಡಿಯ ಶಾಸನವನ್ನು ಆಮೇಲೆ ಮತ್ತೆ ಓದಿದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಸಾಮಾನ್ಯವಾಗಿ ಹೇಳಲಾಗುವ ಹದಿನಾರು ಸಾಲುಗಳ ಬರಹ. ಅದರ ಆರಂಭದ ಸಂಸ್ಕೃತ ಶ್ಲೋಕದಲ್ಲಿ ವಿಸರ್ಗಗಳಿವೆ. ಅಲ್ಲಿ ಅವು ಉಚ್ಚರಿಸಬೇಕಾದ ಅಕ್ಷರಗಳು. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅಚ್ಚಗನ್ನಡದ 47 ಅಕ್ಷರಗಳನ್ನು ಎಣಿಸುವಾಗ ವಿಸರ್ಗವನ್ನು ಹೊರಗಿಟ್ಟ. ಆದರೂ ಅದನ್ನು ಅಕ್ಷರವೆಂದೇ ಚರ್ಚಿಸಿದ.

ಕೋಲನ್ ಬಂದ ದಾರಿ ಬೇರೆ. ಗ್ರೀಕಿನಲ್ಲಿ ಆ ಪದಕ್ಕೆ ಅಂಗ, ಅವಯವ ಎಂದರ್ಥ; ವಾಕ್ಯದ ಒಂದು ಭಾಗಕ್ಕಿದ್ದ ಹೆಸರು ಮುಂದೆ ಚಿಹ್ನೆಗೆ ಅಂಟಿಕೊಂಡಿತು. ನಮಗೆ ಅದು ಹತ್ತೊಂಬತ್ತನೆಯ ಶತಮಾನದ ಅಚ್ಚುಮೊಳೆ ಮತ್ತು ಇಂಗ್ಲಿಷ್ ಶಾಲೆಗಳ ಜೊತೆಗೆ ಬಂತು. ಮಂಗಳೂರಿನಲ್ಲಿ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಆರಂಭಿಸಿದ ಕಾಲ ಅದು. ಶಾಲೆಯ ವ್ಯಾಕರಣ ಅದನ್ನು 'ವಿವರಣಾತ್ಮಕ ಚಿಹ್ನೆ' ಎಂದು ಕರೆಯುತ್ತದೆ.

ಹಾಗಾದರೆ ಅದಕ್ಕೂ ಮೊದಲು ಕನ್ನಡ ವಿವರಣೆಗೆ ಹೇಗೆ ದಾರಿ ಮಾಡುತ್ತಿತ್ತು? ಚಿಹ್ನೆಯಿಂದಲ್ಲ, ಮಾತಿನಿಂದ. ಹಳಗನ್ನಡ ಗದ್ಯದಲ್ಲಿ 'ಅದೆಂತೆಂದೊಡೆ' ಎಂದ ಕೂಡಲೇ ಮುಂದೆ ವಿವರ ಬರುತ್ತದೆಂದು ಕೇಳುವವರಿಗೆ ಗೊತ್ತಾಗುತ್ತಿತ್ತು. ವಚನಗಳಲ್ಲಿ 'ಅದೆಂತೆಂದಡೆ' ಎಂಬುದರ ಬೆನ್ನಿಗೆ ಎಷ್ಟೋ ಸಲ ಸಂಸ್ಕೃತದ ಉದ್ಧರಣೆ ಬರುತ್ತದೆ. ನಾವು ಇಂದು ಆಡುವ 'ಏನೆಂದರೆ', 'ಯಾವುವೆಂದರೆ' ಅದರದೇ ಮುಂದುವರಿಕೆ.

ಇದು ತಿಳಿದ ಮೇಲೆ ನನ್ನ ಬರಹದ ಇನ್ನೊಂದು ತಪ್ಪೂ ಕಾಣಿಸಿತು. 'ಕಾರಣಗಳು ಯಾವುವೆಂದರೆ:' ಎಂದು ಬರೆಯುತ್ತಿದ್ದೆ. ಅಲ್ಲಿ 'ಯಾವುವೆಂದರೆ' ಆಗಲೇ ಆ ಕೆಲಸ ಮಾಡಿದೆ, ಚಿಹ್ನೆ ದಂಡ. 'ಕಾರಣಗಳು ಮೂರು:' ಎಂದರೆ ಸಾಕು. 'ಅಕ್ಕಿ, ಬೆಲ್ಲ, ಕಾಯಿ ತಂದ' ಎನ್ನುವಾಗ ಕೋಲನ್ ಬೇಕಿಲ್ಲ, ಏಕೆಂದರೆ ಕನ್ನಡದಲ್ಲಿ ಪಟ್ಟಿ ಮೊದಲು ಬಂದು ಕ್ರಿಯಾಪದ ಕೊನೆಗೆ ಬರುತ್ತದೆ. ಇನ್ನು ಶಾಸನಪಾಠದ ನಡುವೆ ಕೋಲನ್ ಸೇರಿಸಿದರೆ, ಕಲ್ಲಿನಲ್ಲಿ ಇಲ್ಲದ ನನ್ನ ಅರ್ಥವನ್ನು ಕಲ್ಲಿನ ಬಾಯಿಗೆ ತುರುಕಿದಂತೆ.

ಈಗ ಒಂದೊಂದೇ ಪಾಠ ತೆರೆದು, ಮುದ್ರಿತ ಸಂಪುಟದೊಂದಿಗೆ ಹೋಲಿಸಿ ಚುಕ್ಕಿಗಳನ್ನು ತಿದ್ದುತ್ತಿದ್ದೇನೆ. ಕೋಲನ್‌ಗಳನ್ನೆಲ್ಲ ಒಂದೇ ಏಟಿಗೆ ವಿಸರ್ಗವಾಗಿಸಲು ಬರುವುದಿಲ್ಲ. ಕೆಲವು ನಿಜಕ್ಕೂ ಕೋಲನ್‌ಗಳೇ. ಮೂರನೆಯ ಅಧ್ಯಾಯದ ವಾದ ಉಳಿಯುತ್ತದೋ ಇಲ್ಲವೋ, ಎಣಿಕೆ ಮುಗಿದ ಮೇಲೆಯೇ ಹೇಳಬೇಕು.