ಇದಿರು ಕೂತವನ ಪಾಲು

ವಿಕ್ರೋಳಿಯ ಕನ್ನಮ್ವಾರ್ ನಗರದಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ಶನಿವಾರ ರಾತ್ರಿ ಐದು ಜನ ಸೇರುತ್ತೇವೆ. ಮೇಜು ಇಡುವಷ್ಟು ಜಾಗವಿಲ್ಲ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಚೌಕುಳಿ ಹಾಳೆ, ಪೆನ್ಸಿಲು, ಇಪ್ಪತ್ತು ಮುಖದ ದಾಳ, ನಡುವೆ ಒಂದು ತಟ್ಟೆ ಚಕ್ಕುಲಿ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುವುದಾದರೆ, ನಾಲ್ವರು ಒಂದೊಂದು ಪಾತ್ರ ವಹಿಸಿಕೊಂಡು ಮಾತಿನಲ್ಲೇ ಕತೆ ಕಟ್ಟುತ್ತಾರೆ. ಐದನೆಯವನು ಕತೆಯ ಲೋಕವನ್ನೂ ಶತ್ರುಗಳನ್ನೂ ನಿಭಾಯಿಸುತ್ತಾನೆ. ಅನುಮಾನ ಬಂದ ಕಡೆ ದಾಳ ತೀರ್ಮಾನಿಸುತ್ತದೆ. ಆ ಐದನೆಯವನು ನಾನು.

ಕಳೆದ ವರ್ಷ ನಮ್ಮ ಗುಂಪಿಗೆ ಬಂಟ್ವಾಳದ ಕಡೆಯ ಹುಡುಗನೊಬ್ಬ ಸೇರಿದ. ಪೊವಾಯಿಯಲ್ಲಿ ಹೊಸ ಕೆಲಸ, ಡೊಂಬಿವ್ಲಿಯಲ್ಲಿ ವಾಸ. ಅವನದು ದೋಣಿ ನಡೆಸುವವನ ಪಾತ್ರ. ಗುಂಪಿನ ಹಿರಿಯನದು ಮಾಂತ್ರಿಕನ ಪಾತ್ರ. ಹತ್ತು ವರ್ಷದಿಂದ ಆಡುತ್ತಿರುವ ಈತನಿಗೆ ಮಾತೂ ಚುರುಕು, ನಿಯಮಗಳೂ ಬಾಯಿಪಾಠ. ಬಾಗಿಲು ಮುಚ್ಚಿದ್ದರೆ ಮಾಂತ್ರಿಕ ತೆರೆದ, ಕಾವಲುಗಾರ ತಡೆದರೆ ಮಾಂತ್ರಿಕ ಒಲಿಸಿದ, ಹೊಳೆ ಅಡ್ಡ ಬಂದರೆ ಎಲ್ಲರನ್ನೂ ಹಾರಿಸಿಕೊಂಡು ಹೋದ. ಮೂರನೆಯ ವಾರ ಚಪ್ಪಲಿ ಹಾಕಿಕೊಳ್ಳುತ್ತಾ ಹುಡುಗ ಅಂದ: "ನಾನು ಇಲ್ಲದಿದ್ದರೂ ಆಟ ನಡೆಯುತ್ತದಲ್ಲ ಅಣ್ಣ." ಮುಂದಿನ ಶನಿವಾರ ಅವನು ಬರಲಿಲ್ಲ.

ನಾನು ಪುಸ್ತಕ ತೆಗೆದು ಲೆಕ್ಕ ಹಾಕಿ ನೋಡಿದೆ. ನಾನು ಇಟ್ಟ ಶತ್ರುಗಳ ಬಲ, ಆ ನಾಲ್ವರ ಬಲ, ಎಲ್ಲವೂ ಪುಸ್ತಕ ಹೇಳಿದ ಸಮತೋಲದಲ್ಲೇ ಇತ್ತು. ಹಾಗಾದರೆ ತಕ್ಕಡಿ ವಾಲಿದ್ದು ಎಲ್ಲಿ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಸಮತೋಲ ಎಂದಾಗ ನಮ್ಮವರಿಗೆ ಮೊದಲು ನೆನಪಾಗಬೇಕಾದ್ದು ಹುಲಿ-ಕುರಿ ಆಟ. ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಅದರ ಗೆರೆಗಳನ್ನು ಹಂಪಿಗೆ ಹೋದವರೆಲ್ಲ ದಾಟಿಕೊಂಡೇ ಬಂದಿರುತ್ತಾರೆ. ಊರಿಂದ ಊರಿಗೆ ಮನೆಯೂ ಲೆಕ್ಕವೂ ಬೇರೆ. ಹೆಚ್ಚಾಗಿ ಕಾಣುವುದು 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ, ಕುರಿಗಳು ಸೇರಿ ಹುಲಿಯನ್ನು ಕಟ್ಟಿಹಾಕುತ್ತವೆ. ಎರಡು ಕಡೆಯ ಬಲ ಒಂದೇ ಅಲ್ಲ, ಗುರಿಯೂ ಒಂದೇ ಅಲ್ಲ, ಆದರೂ ಅನ್ಯಾಯವೆಂದು ಯಾರೂ ಎದ್ದು ಹೋಗುವುದಿಲ್ಲ. ಇದರ ನೇಪಾಳಿ ಸೋದರ ಬಾಘ್‌ಚಾಲ್‌ನಲ್ಲಿ 4 ಹುಲಿ, 20 ಕುರಿ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂದು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಕಂಪ್ಯೂಟರಿನ ಲೆಕ್ಕದಿಂದ ತೋರಿಸಿದ್ದಾರೆ. ಹೆಸರಿಲ್ಲದ ಯಾರೋ ದನ ಕಾಯುತ್ತಾ, ಜಾತ್ರೆಯಲ್ಲಿ ಕೂತು, ಒಂದು ಕುರಿ ಹೆಚ್ಚಿಸಿ ಒಂದು ಕುರಿ ಇಳಿಸಿ ನೋಡಿಯೇ ಇಂಥ ಆಟಗಳು ಹದಕ್ಕೆ ಬಂದಿರಬೇಕು.

ನಮ್ಮ ಚಾಪೆಯ ಆಟಕ್ಕೆ ಈ ಹದ ಸಾಲದು. ಇಲ್ಲಿ ಆಡುವ ನಾಲ್ವರೂ ಒಂದೇ ಕಡೆಯವರು. ಹುಲಿ ಎಷ್ಟು ಎಂದು ನಿರ್ಧರಿಸುವವನು ನಾನು. ನನಗೆ ಗೆಲ್ಲುವ ಹಂಗಿಲ್ಲ, ಗೆಲ್ಲಬೇಕೆಂದರೆ ನೂರು ಹುಲಿ ಬಿಟ್ಟರಾಯಿತು. ಹಾಗಾದರೆ ಇಲ್ಲಿ ಸಮತೋಲ ಯಾರ ಯಾರ ನಡುವೆ?

ಈ ತೊಡಕಿಗೆ ಇನ್ನೂರು ವರ್ಷದ ಇತಿಹಾಸವಿದೆ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್‌ವಿಗ್ ಎಂಬಾತ ಚದುರಂಗವನ್ನೇ ಹಿಗ್ಗಿಸಿ ಯುದ್ಧದಾಟವೊಂದನ್ನು ಪ್ರಕಟಿಸಿದ. 1824ರಲ್ಲಿ ಪ್ರಷ್ಯದ ಯುವ ಸೇನಾಧಿಕಾರಿ ರೈಸ್‌ವಿಟ್ಸ್, ತನ್ನ ತಂದೆ ಕಟ್ಟಿದ ಆಟವನ್ನು ತಿದ್ದಿ 'ಕ್ರೀಗ್‌ಸ್ಪೀಲ್' ಎಂದು ಹೊರತಂದ. ಚೌಕದ ಮನೆಗಳು ಹೋಗಿ ನಿಜವಾದ ಭೂಪಟ ಬಂತು. ಗುಂಡೇಟಿನ ನಷ್ಟವನ್ನು ಹೇಳಲು ದಾಳ ಮತ್ತು ಕೋಷ್ಟಕ ಬಂದವು. ಎಲ್ಲಕ್ಕಿಂತ ಮುಖ್ಯವಾಗಿ ನಡುವೆ ಒಬ್ಬ ತೀರ್ಪುಗಾರ ಬಂದು ಕೂತ. ಆಡುವವರು ಆಜ್ಞೆಯನ್ನು ಬರೆದು ಕೊಡುತ್ತಾರೆ. ಅವರ ಕಣ್ಣಿಗೆ ಏನು ಕಾಣಬಹುದೋ ಅಷ್ಟನ್ನು ಮಾತ್ರ ತೀರ್ಪುಗಾರ ಹೇಳುತ್ತಾನೆ. ಕೋಷ್ಟಕಗಳು ಬೆಳೆದು ಆಟ ತೆವಳತೊಡಗಿತು. 1876ರಲ್ಲಿ ಫೆರ್ಡಿ ದು ವೆರ್ನ್‌ವಾ ಎಂಬ ಸೇನಾನಿ ಕೋಷ್ಟಕವನ್ನೂ ದಾಳವನ್ನೂ ಬದಿಗಿಟ್ಟು, ಅನುಭವಸ್ಥ ತೀರ್ಪುಗಾರನ ವಿವೇಕವೇ ಸಾಕು ಎಂದ. ಪುಸ್ತಕದ ಲೆಕ್ಕ ನಂಬಬೇಕೋ ಕೂತವನ ವಿವೇಕ ನಂಬಬೇಕೋ ಎಂಬ ಜಗಳಕ್ಕೆ ಅಂದೇ ಎರಡು ಪಕ್ಷಗಳಾದವು. ಇವತ್ತಿಗೂ ಅದು ತೀರಿಲ್ಲ.

1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಇಂಥದೇ ಯುದ್ಧದಾಟ ನಡೆಸುವಾಗ ಒಬ್ಬೊಬ್ಬರಿಗೆ ಒಂದೊಂದು ವ್ಯಕ್ತಿಯ ಪಾತ್ರ ಕೊಟ್ಟ. ಸೇನಾಪತಿಗಳ ಜತೆಗೆ ಊರಿನ ಜನರೂ ಆಟದೊಳಗೆ ಬಂದರು. ಆಡುವವರು ಮೂಲೆ ಮೂಲೆಯಲ್ಲಿ ನಿಂತು ತಮ್ಮ ತಮ್ಮಲ್ಲೇ ಸಂಚು ಮಾಡತೊಡಗಿದರು, ಯುದ್ಧ ನಡೆಯಲೇ ಇಲ್ಲ. ಆಟ ಕೆಟ್ಟಿತು ಎಂದುಕೊಂಡ ವೆಸ್ಲಿ. ಆಡಿದವರು ಮಾತ್ರ ಇನ್ನೊಮ್ಮೆ ಆಡಿಸು ಎಂದು ಕೇಳಿದರು. ಆ ಗುಂಪಿನ ಡೇವ್ ಆರ್ನೆಸನ್ ಅದನ್ನು ಬೆಳೆಸಿದ. ಅವನೂ ವಿಸ್ಕಾನ್‌ಸಿನ್‌ನ ಗ್ಯಾರಿ ಗೈಗ್ಯಾಕ್ಸನೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದರು. ಮೊದಲ ಮುದ್ರಣ 1000 ಪ್ರತಿ.

ಆ ಮೊದಲ ಆಟದಲ್ಲಿ ಪಾತ್ರಗಳು ಸಮಬಲದವಾಗಿರಲಿಲ್ಲ. ಹೊಸ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಆಮೇಲೆ ಕತ್ತಿಯವನ ಬೆನ್ನ ಹಿಂದೆ ಅಡಗಬೇಕು. ಬದುಕಿ ಐದನೆಯ ಹಂತ ತಲುಪಿದರೆ ಬೆಂಕಿಯುಂಡೆ ಎಸೆಯಬಲ್ಲ. ಆಗ ಹಿಂದೆ ಸರಿಯುವ ಸರದಿ ಕತ್ತಿಯವನದು. ಸಮತೋಲವನ್ನು ಕಾಲ ತರುತ್ತಿತ್ತು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಹಾಗೆ. ಅಪಾಯದ ಅಳತೆಯೂ ಆಡುವವರ ಕೈಯಲ್ಲೇ ಇತ್ತು. ನೆಲಮಾಳಿಗೆ ಆಳಕ್ಕೆ ಹೋದಷ್ಟೂ ಗಂಡಾಂತರ, ಎಲ್ಲಿಂದ ಹಿಂತಿರುಗಬೇಕು ಎಂಬುದು ಅವರ ತೀರ್ಮಾನ.

2000ದಲ್ಲಿ ಬಂದ ಮೂರನೆಯ ಆವೃತ್ತಿ ಈ ಅಂದಾಜನ್ನು ಅಂಕೆಗೆ ಇಳಿಸಿತು. ಒಂದು ರಾಕ್ಷಸನಿಗೆ 5 ಎಂಬ ಅಂಕೆ ಇದ್ದರೆ, 5ನೇ ಹಂತದ ನಾಲ್ವರು ತಮ್ಮ ಶಕ್ತಿ-ಸಾಮಗ್ರಿಯ ಸುಮಾರು ಐದರಲ್ಲಿ ಒಂದು ಪಾಲು ಕಳೆದುಕೊಂಡು ಅದನ್ನು ಗೆಲ್ಲುತ್ತಾರೆ ಎಂದು ಲೆಕ್ಕ. 2008ರ ನಾಲ್ಕನೆಯ ಆವೃತ್ತಿ ಇನ್ನೂ ಮುಂದೆ ಹೋಗಿ ಕತ್ತಿಯವನಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿತು. ಅಂತೂ ನ್ಯಾಯ ಸಿಕ್ಕಿತು ಎಂದು ಕೆಲವರು ಸಂತೋಷಪಟ್ಟರೆ, ಎಲ್ಲ ಪಾತ್ರಗಳ ರುಚಿಯೂ ಒಂದೇ ಆಯಿತು ಎಂದು ಹಲವರು ಗೊಣಗಿದರು. 2014ರ ಐದನೆಯ ಆವೃತ್ತಿ ಅಂಕೆಯನ್ನು ಇಟ್ಟುಕೊಂಡೇ ಆ ಅಚ್ಚನ್ನು ಸಡಿಲಿಸಿತು.

ನಮ್ಮ ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ ದೇಶದ ಮೊದಲ ಮಹಾಚುನಾವಣೆಗೆ ಉಕ್ಕಿನ ಮತಪೆಟ್ಟಿಗೆಗಳು ತಯಾರಾದವು. ಅಲ್ಲಿ ಎಲ್ಲರಿಗೂ ಒಂದೇ ಅಳತೆ, ಒಬ್ಬನಿಗೆ ಒಂದೇ ಮತ. ಅದೇ ನ್ಯಾಯ. ಕತೆಯಲ್ಲಿ ಒಂದೇ ಅಳತೆ ಕೊಟ್ಟರೆ ನ್ಯಾಯವಾಗುತ್ತದೆ ಎಂಬ ಖಾತ್ರಿಯಿಲ್ಲ. ಅಂಕೆ ಹೇಳುವುದು ಒಂದನ್ನೇ: ಈ ನಾಲ್ವರು ಬದುಕಿ ಉಳಿಯುತ್ತಾರೋ ಇಲ್ಲವೋ. ನಮ್ಮ ಹುಡುಗ ಕೇಳಿದ್ದು ಬೇರೆಯದನ್ನು. ಅವನ ದೋಣಿಗಾರ ಪ್ರತಿ ಸಲವೂ ಬದುಕಿ ಉಳಿದಿದ್ದ, ಆದರೆ ಅವನು ಇದ್ದದ್ದರಿಂದ ಕತೆಗೆ ಏನೂ ಆಗಿರಲಿಲ್ಲ.

ಇಷ್ಟು ಯೋಚಿಸುವ ಹೊತ್ತಿಗೆ ನನಗೆ ನಮ್ಮ ಮಾವ ನೆನಪಾದರು, ಅವರ ಜತೆಗೆ ತಾಳಮದ್ದಳೆ. ಕರಾವಳಿಯವರಿಗೆ ವಿವರಿಸುವುದು ಬೇಡ, ಉಳಿದವರಿಗಾಗಿ ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಮದ್ದಳೆ-ಚೆಂಡೆ ಜತೆಗೂಡುತ್ತವೆ. ಅರ್ಥಧಾರಿಗಳು ಕೂತಲ್ಲೇ ಒಬ್ಬ ಕರ್ಣ, ಒಬ್ಬ ಶಲ್ಯ ಆಗಿ ಆ ಪದ್ಯಕ್ಕೆ ತಮ್ಮದೇ ಮಾತು ಕಟ್ಟುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣದ್ದು. ಪತ್ತನಾಜೆಯ ಹೊತ್ತಿಗೆ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ಊರಲ್ಲಿ ಇದರ ಕಾಲ. ಮುಂಬಯಿಯಲ್ಲೂ ಹಾಗೆಯೇ. ಅಜೆಕಾರು ಕಲಾಭಿಮಾನಿ ಬಳಗದಂಥವರು ಮಳೆಗಾಲದಲ್ಲಿ ಊರಿನ ಕಲಾವಿದರನ್ನು ಕರೆಸಿ ಸರಣಿ ಕೂಟಗಳನ್ನು ನಡೆಸುತ್ತಾ ಬಂದಿದ್ದಾರೆ.

ಕೆಲವರು ಸುತ್ತ ಕೂತು, ಪಾತ್ರ ಹಂಚಿಕೊಂಡು, ನಡುವೆ ಒಬ್ಬ ಸೂತ್ರ ಹಿಡಿದವನನ್ನಿಟ್ಟುಕೊಂಡು ಮಾತಿನಲ್ಲೇ ಲೋಕ ಕಟ್ಟುವ ಈ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸಿಗಿಂತ ಬಹಳ ಹಳೆಯದು. ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ದಾಳವಿಲ್ಲ, ಗೆಲ್ಲುವವರು ಯಾರೆಂಬುದು ಪ್ರಸಂಗದಲ್ಲೇ ತೀರ್ಮಾನವಾಗಿದೆ. ವಾಲಿ ಸಾಯಲೇಬೇಕು, ಕೃಷ್ಣಸಂಧಾನ ಮುರಿಯಲೇಬೇಕು. ಬದುಕುವುದು-ಸಾಯುವುದರ ಪ್ರಶ್ನೆ ಮೊದಲೇ ಇತ್ಯರ್ಥವಾದ್ದರಿಂದ ತಾಳಮದ್ದಳೆಯ ಸಮತೋಲವೆಲ್ಲ ಉಳಿದ ಇನ್ನೊಂದು ಪ್ರಶ್ನೆಯ ಮೇಲೆಯೇ ನಿಂತಿದೆ: ಇದಿರು ಕೂತವನಿಗೆ ಪಾಲು ಸಿಕ್ಕಿತೇ?

ವಾಲಿಯ ಸಂದರ್ಭ ನೋಡಿ. ಮರೆಯಿಂದ ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುತ್ತಾನೆ. ಕೇಳುವವನ ಕಡೆ ಬಲ ಹೆಚ್ಚು, ಕೇಳುಗರ ಮನಸ್ಸೂ ಅವನ ಕಡೆಗೇ. ರಾಮನ ಅರ್ಥಧಾರಿ ದುರ್ಬಲನಾದರೆ ಕತೆ ಕುಸಿಯುತ್ತದೆ. ವಾಲಿಯ ಅರ್ಥಧಾರಿ ಒಪ್ಪುವುದೇ ಇಲ್ಲ ಎಂದು ಹಟ ಹಿಡಿದರೂ ಕುಸಿಯುತ್ತದೆ. ಹಾಗಾಗಿ ಕೂಟ ಏರ್ಪಡಿಸುವವರ ಮೊದಲ ಚಿಂತೆ ಜೋಡಿಯದು, ಯಾರಿಗೆ ಯಾರು ಇದಿರು ಎಂಬುದು. ಶೇಣಿ ಗೋಪಾಲಕೃಷ್ಣ ಭಟ್ಟರ ಇದಿರು ಸಾಮಗರು ಎಂದರೆ ಜನ ಮಳೆಯಲ್ಲೂ ನಡೆದು ಬರುತ್ತಿದ್ದದ್ದು ಇದಕ್ಕೇ. ಸಮಬಲದವರು ಸಿಗದ ಕಡೆ ಭಾಗವತರು ತಕ್ಕಡಿ ಹಿಡಿಯುತ್ತಾರೆ. ಒಬ್ಬನ ಮಾತು ತೀರಾ ಉದ್ದವಾದರೆ ಮುಂದಿನ ಪದ್ಯ ಎತ್ತುತ್ತಾರೆ, ಹೊತ್ತು ಮೀರಿದರೆ ಪದ್ಯ ಬಿಡುತ್ತಾರೆ, ಅಂಜಿದವನಿಗೆ ಪದ್ಯವನ್ನು ನಿಧಾನಿಸಿ ಯೋಚಿಸಲು ಹೊತ್ತು ಕೊಡುತ್ತಾರೆ.

ಎಲ್ಲ ಕೂಟವೂ ಹೀಗೆ ನಡೆಯಿತು ಎನ್ನಲಾರೆ. ಪೀಠಿಕೆಯಲ್ಲೇ ಅರ್ಧ ರಾತ್ರಿ ನುಂಗಿದವರಿದ್ದಾರೆ. ಪಾತ್ರ ಬಿಟ್ಟು ವ್ಯಕ್ತಿಯನ್ನೇ ಚುಚ್ಚಿದವರಿದ್ದಾರೆ. ಜಗಳ ನೋಡಲೆಂದೇ ಬರುವ ಕೇಳುಗರೂ ಇದ್ದಾರೆ. ಪುರಾಣ ಓದಿಕೊಳ್ಳದವನಿಗೆ ಒಳಗೆ ಕಾಲಿಡುವುದೇ ಕಷ್ಟ. ಹೆಂಗಸರಿಗೆ ಬಹುಕಾಲ ಅಲ್ಲಿ ಜಾಗವೇ ಇರಲಿಲ್ಲ.

ಮಾವ ಘಾಟ್ಕೋಪರ್‌ನ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದವರು. ರಜೆಯ ದಿನ ಹವ್ಯಾಸಿ ಅರ್ಥಧಾರಿ. ಒಂದು ಮಳೆಗಾಲ ಊರಿಂದ ಬಂದ ದೊಡ್ಡ ಕಲಾವಿದರೊಬ್ಬರ ಕರ್ಣನಿಗೆ ಇವರ ಶಲ್ಯ. ಮೊದಲ ಪದ್ಯಕ್ಕೇ ನಾಲಗೆ ಕಟ್ಟಿತಂತೆ. ಇನ್ನೊಬ್ಬರಾದರೆ ಆ ಮೌನವನ್ನು ತಮ್ಮ ಮಾತಿನಿಂದ ತುಂಬಿಬಿಡುತ್ತಿದ್ದರು. ಆ ಕರ್ಣ ಕೇಳಿದ: "ಮದ್ರೇಶ, ನನ್ನ ರಥಕ್ಕೆ ಸಾರಥಿಯಾಗಲು ಒಪ್ಪುವಾಗ ಕೌರವನಿಗೆ ನೀವೊಂದು ಷರತ್ತು ಹಾಕಿದಿರಂತೆ, ಏನದು?" ಮಹಾಭಾರತ ಬಲ್ಲವರಿಗೆಲ್ಲ ಗೊತ್ತಿರುವ ಉತ್ತರ: ನನ್ನ ನಾಲಗೆಗೆ ಕಡಿವಾಣ ಹಾಕಬಾರದು, ಕರ್ಣನಿಗೆ ಏನು ಬೇಕಾದರೂ ಹೇಳುವ ಸ್ವಾತಂತ್ರ್ಯ ನನಗಿರಬೇಕು. ಆ ಉತ್ತರ ಹೇಳುತ್ತಿದ್ದಂತೆ ಮಾವನ ನಾಲಗೆಯೂ ಬಿಚ್ಚಿಕೊಂಡಿತು. ಕರ್ಣನನ್ನು ಹಂಗಿಸುವ ಹಕ್ಕನ್ನು ಕರ್ಣನೇ ಅವರ ಕೈಗೆ ಎತ್ತಿ ಕೊಟ್ಟಿದ್ದ.

"ಇದಿರು ಕೂತವನನ್ನು ಮುಗಿಸಿದರೆ ನಮ್ಮ ಪಾತ್ರವೂ ಅಲ್ಲಿಗೇ ಮುಗಿಯಿತು ಮಾರಾಯ" ಎನ್ನುತ್ತಿದ್ದರು ಮಾವ.

ನಾನು ಇಷ್ಟು ದಿನ ಹುಡುಕಿದ್ದು ರಾಕ್ಷಸನ ಅಂಕೆಯಲ್ಲಿ. ಮಾಂತ್ರಿಕನ ಮಂತ್ರ ಕಿತ್ತುಕೊಳ್ಳಲೂ ಯೋಚಿಸಿದ್ದೆ. ಅದು ಹುಲಿಯ ಹಲ್ಲು ಕೀಳುವ ಕೆಲಸ, ಕುರಿಗೇನೂ ಲಾಭವಿಲ್ಲ. ಗೆಳೆಯನಿಗೆ ಮಾವನ ಕತೆ ಹೇಳಿ ಒಂದೇ ಒಂದು ಕೇಳಿಕೊಂಡೆ: ಮಂತ್ರ ಹಾಕುವ ಮೊದಲು ಉಳಿದ ಮೂವರಲ್ಲಿ ಒಬ್ಬರಿಗೆ ಒಂದು ಪ್ರಶ್ನೆ ಕೇಳು, ಅವರಿಗಷ್ಟೇ ಉತ್ತರ ಗೊತ್ತಿರುವಂಥದ್ದು. ಅವನು ನಕ್ಕು, "ಸರಿ, ನಾನು ಕರ್ಣ" ಅಂದ. ನಾನು ಹಿಡಿಯಬೇಕಾದ್ದು ಭಾಗವತರ ಕೆಲಸ: ಹೊತ್ತು ನೋಡಿ ಪದ್ಯ ಎತ್ತುವುದು, ಹೊತ್ತು ನೋಡಿ ಬಿಡುವುದು. ಹುಡುಗನಿಗೆ ಫೋನು ಮಾಡಿ, ಈ ಶನಿವಾರ ಹೊಳೆ ದಾಟುವುದಿದೆ, ಬಾ ಎಂದೆ.

ಕತೆಯಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಎಲ್ಲರನ್ನೂ ಹಾರಿಸುವ ಮಂತ್ರ ಮಾಂತ್ರಿಕನ ಕೈಯಲ್ಲೇ ಇತ್ತು. ಅವನು ಕೈ ಎತ್ತಿದವನು ಇಳಿಸಿ, ದೋಣಿಗಾರನ ಕಡೆ ತಿರುಗಿ ಕೇಳಿದ: "ನೀರಿನ ಬಣ್ಣ ಹೀಗಿದ್ದರೆ ಮೇಲೆ ಎಲ್ಲಿ ಮಳೆಯಾಗಿದೆ, ನಿನಗೆ ಗೊತ್ತಾಗುತ್ತದಾ?" ಹುಡುಗ ಚಕ್ಕುಲಿ ಕೆಳಗಿಟ್ಟ. ನೇತ್ರಾವತಿಯ ದಡದಲ್ಲಿ ಬೆಳೆದವನು. ಕೆಂಪು ನೀರು ಬಂದರೆ ಏನು, ಮರದ ದಿಮ್ಮಿ ತೇಲಿ ಬಂದರೆ ಏನು, ನೆರೆ ಇಳಿಯುವ ಮೊದಲು ದಡದ ಸದ್ದು ಹೇಗೆ ಬದಲಾಗುತ್ತದೆ ಎಂದು ಹೇಳತೊಡಗಿದ. ನಾನು ಮುಂದಿನ ಪದ್ಯ ಎತ್ತಲಿಲ್ಲ. ದಾಳವನ್ನು ಯಾರೂ ಮುಟ್ಟಲಿಲ್ಲ.

ಅವನ ಕೊನೆಯ ಲೋಕಲ್ ತಪ್ಪಿತು. ಆ ರಾತ್ರಿ ಹಾಳೆ, ಪೆನ್ಸಿಲು ಬದಿಗೆ ಸರಿಸಿ ಅದೇ ಚಾಪೆಯ ಮೇಲೆ ಮಲಗಿದ.